ಮ್ಯಾಗ್ನೆಟ್ಟಿನ ಮುಂದ ಒಂದು ಜೇಡ

ಸಂಡೂರು ಗುಡ್ಡದ ಬುಡದಾಗ ಒಂದು ಹೊಲದ ಬದುವಿನ ಮ್ಯಾಲ ಎಳ್ಳಿನ ಕಾಳಿಗಿಂತ ಸಣ್ಣ ಜೇಡ ಸಿಕ್ತು. ಇನ್ನೂ ಯಾರೂ ಹೆಸರಿಡದ ಜಾತಿ ಅನ್ನಿಸ್ತು. ಸಿಕ್ಕಿದ್ದು ಅದೊಂದೇ. ಸ್ಪಿರಿಟ್ ಬಾಟಲಿಗೆ ಹಾಕಿ ಮುಚ್ಚಳ ತಿರುವೋದ್ರಾಗ ಹೊಲದ ಯಜಮಾನ್ರು ಹಿಂದ ನಿಂತಿದ್ರು.

"ಯಾವ ಮೈನ್ಸಿನವ್ರು ನೀವು?"

"ಅಲ್ರೀ ಯಜಮಾನ್ರ, ನಾನು ಜೇಡ ನೋಡಾಂವ."

"ಹಿಂದ ಬಂದಾಂವ ಹಕ್ಕಿ ನೋಡ್ತೀನಿ ಅಂದಿದ್ದ. ಆಮ್ಯಾಲ ಬಾಜೂ ಹೊಲ ಗಣಿಗೆ ಹೋತು. ತರ್ರಿ ಇಲ್ಲಿ."

ಅಂಗಿ ಕಿಸೆದಾಗಿಂದ ಮ್ಯಾಗ್ನೆಟ್ ತಗದ್ರು. ಮಣ್ಣಾಗ ಅದಿರು ಐತೇನು ಅಂತ ನೋಡಾಕ ಇಟ್ಕೊಂಡಿದ್ರಂತ. ಬಾಟಲಿಗೆ ಹಿಡಿದ್ರು. ಟಕ್ ಅಂತ ಹತ್ತಿಕೊಂಡ್ತು.

"ಜ್ಯಾಡಕ್ಕ ಕಬ್ಬಿಣ ಎಲ್ಲಿಂದ ಬಂತ್ರೀ?"

"ಮುಚ್ಚಳ ತಗಡಿಂದು, ಯಜಮಾನ್ರ!"

ನಂಬಲಿಲ್ಲ. ಮುಚ್ಚಳ ತಗಸಿದ್ರು. ಎಲ್ಲಿ ಚೆಲ್ತಾರೋ ಅಂತ ನಾನು ಬಾಟಲಿ ಬುಡಕ್ಕ ಅಂಗೈ ಹಿಡಿದೆ. ಬಾಟಲಿ ಸುತ್ತ ಮ್ಯಾಗ್ನೆಟ್ ಆಡಿಸಿದ್ರು. ಜೇಡ ಮಿಸುಕಲಿಲ್ಲ. ಆಮ್ಯಾಲ ನನ್ನ ಲೆನ್ಸ್ ಇಸ್ಕೊಂಡು ಎಂಟೂ ಕಾಲು ಎಣಿಸಿದ್ರು.

"ಇದು ಹೊಸ ಜಾತಿರೀ," ಅಂದೆ.

"ಇದು ಮೊದ್ಲಿಂದ ಇಲ್ಲೇ ಐತಿ. ಹೊಸಬ್ರು ನೀವು."

ಬಸ್‌ಸ್ಟಾಪ್ ತನಕ ಬಂದು ಭಾಳ ಮರ್ಯಾದಿಯಿಂದ ಕಳಿಸಿಕೊಟ್ರು. ಬಸ್ ಹೊಂಡೋತನಕ ಮ್ಯಾಗ್ನೆಟ್ ಮಾತ್ರ ಕೈಯಾಗೇ ಇತ್ತು.