ಏಡಿಯಮ್ಮ ಆ ಕಡೆ ನೋಡುತ್ತಾರೆ

ಪೂರ್ತಿ ಬೆಳಕಾಗಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತ ಏಡಿಯಮ್ಮ ಕೆಂಪು ಕಯಾಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗದರಿಸುತ್ತಿದ್ದಾರೆ. "ಸುಮ್ನಿರು, ಕುಣೀಬೇಡ!" ಗದರಿಕೆ ದೋಣಿಗೋ, ಅದನ್ನು ಹತ್ತುತ್ತಿರುವ ಸೊಸೆಗೋ ಪೇಪರಿಗೆ ಬರೆಯಲೆಂದು ಬಂದು ದಡದಲ್ಲಿ ನಿಂತ ನನಗೆ ತಿಳಿಯುವುದಿಲ್ಲ. ಸೊಸೆಗೂ ತಿಳಿದಂತಿಲ್ಲ. ಯಾವುದಕ್ಕೂ ಇರಲಿ ಎಂದು ದೋಣಿಯೂ ಸೊಸೆಯೂ ಒಟ್ಟಿಗೇ ಸುಮ್ಮನಾಗುತ್ತಾರೆ.

ಇವತ್ತು ಸೊಸೆ ಮುಂದಿನ ಸೀಟಿನಲ್ಲಿ, ಅತ್ತೆ ಹಿಂದೆ. ಓದುವವರಿಗೆ ಇದು ದೊಡ್ಡ ಸುದ್ದಿಯಲ್ಲ. ಆದರೆ ಮುಂದಿನ ಸೀಟು ಬೋನು ಎಳೆಯುವವರದು, ನಿನ್ನೆಯವರೆಗೆ ಅಲ್ಲಿ ಏಡಿಯಮ್ಮನನ್ನು ಬಿಟ್ಟು ಬೇರೆ ಯಾರೂ ಕೂತದ್ದಿಲ್ಲ.

ಕಯಾಕ್ ಎಂದರೆ ರಜೆಗೆ ಬಂದವರು ಒಂದು ಗಂಟೆ ಆಡಿ, ಫೋಟೊ ತೆಗೆಸಿಕೊಂಡು ಇಳಿದುಹೋಗುವ ಪ್ಲಾಸ್ಟಿಕ್ ದೋಣಿ. ಬಿರುಕು ಬಿಟ್ಟಿತೆಂದು ದೋಣಿವಿಹಾರದವರು ಮೂಲೆಗೆ ಎಸೆದಿದ್ದನ್ನು ಈಕೆ ಕೇಳಿ ತಂದು, ಹಳೇ ಬಕೆಟ್ಟು ಕರಗಿಸಿ ತೇಪೆ ಹಾಕಿದ್ದಾರೆ. ನದಿ ಸಮುದ್ರ ಸೇರುವ ಈ ಜಾಗದಲ್ಲಿ ಜೊಂಡು, ಕೆಸರು, ಒಂದೆಡೆ ಗೇಣುದ್ದದ ನೀರು, ಪಕ್ಕದಲ್ಲೇ ಆಳದ ಗುಂಡಿ. "ಏಡಿ ಇರೋದೇ ಕೆಸರಲ್ಲಿ. ಮೋಟರ್ ದೋಣಿ ಇಲ್ಲಿಗೆ ಬಂದ್ರೆ ದೋಣಿ ಸಿಕ್ಕಿಬೀಳುತ್ತೆ, ಏಡಿ ಅಲ್ಲ" ಎನ್ನುತ್ತಾರೆ.

ಕಯಾಕ್ ಹೊರಟಿದೆ. ನಾನು ಪಕ್ಕದಲ್ಲಿ ಅಂಬಿಗರೊಬ್ಬರ ದೋಣಿಯಲ್ಲಿ, ಎರಡೂ ಅಂಚು ಬಿಗಿಯಾಗಿ ಹಿಡಿದು ಕೂತಿದ್ದೇನೆ. ನೀರೆಂದರೆ ನನಗೆ ಲೋಟದಲ್ಲಿದ್ದರೇ ಚೆಂದ.

ಬೋನುಗಳು ಹದಿನೆಂಟು. ತಂತಿ ಬಲೆಯ ಪೆಟ್ಟಿಗೆ, ಒಳಗೆ ಮೀನಿನ ತಲೆ, ಮುಳುಗಲು ಒಂದು ಕಲ್ಲು, ಮೇಲೆ ಗುರುತಿಗೆ ತೇಲುವ ಖಾಲಿ ಡಬ್ಬ. ಸಂಜೆ ಇಳಿಸಬೇಕು, ಬೆಳಿಗ್ಗೆ ಎತ್ತಬೇಕು. ಒಳ್ಳೆಯ ದಿನ ಹದಿನೈದಿಪ್ಪತ್ತು ಏಡಿ, ಕೆಟ್ಟ ದಿನ ಬರೀ ಪಾಚಿ. ಮರಿಗಳೂ ಹೊಟ್ಟೆಯಡಿ ಮೊಟ್ಟೆ ಹೊತ್ತವೂ ವಾಪಸ್ ನೀರಿಗೆ. ಉಳಿದವನ್ನು ಹಿಂದಿನಿಂದ ಹಿಡಿದು, ಇಕ್ಕಳದಂಥ ಕೈಗಳನ್ನು ಮಡಿಸಿ ಒದ್ದೆ ದಾರದಿಂದ ಕಟ್ಟಿ, ಟಬ್ಬಿಗೆ ಹಾಕಬೇಕು. ಏಡಿಯಮ್ಮನ ತೋರುಬೆರಳು ಸೊಟ್ಟಗಿದೆ. ಒಮ್ಮೆ ಹಿಡಿದ ಏಡಿ ಬಿಡಲಿಲ್ಲವಂತೆ. "ನಮ್ಮ ನೆಂಟರಲ್ಲೂ ಅಂಥೋರಿದ್ದಾರೆ" ಎಂದು ನಗುತ್ತಾರೆ.

ಐಸ್ ಫ್ಯಾಕ್ಟರಿ ಹಿಂದಿನ ಒಂದೂವರೆ ಕೋಣೆಯ ಮನೆಯಲ್ಲಿ ಮನುಷ್ಯರಿಗಿಂತ ಬೋನುಗಳಿಗೇ ಜಾಗ ಹೆಚ್ಚು. ಮಂಚದ ಕೆಳಗೆ ಹಗ್ಗ, ಬಾಗಿಲ ಸಂದಿಯಲ್ಲಿ ಹುಟ್ಟು. ಮಗ ಲಾರಿ ಡ್ರೈವರ್. ಹೋದರೆ ಹದಿನೈದು ದಿನ ಮುಖವಿಲ್ಲ. ಬಂದರೂ ದೋಣಿಯ ಹತ್ತಿರ ಸುಳಿಯುವುದಿಲ್ಲ. "ಬಕೆಟ್ ನೀರಿಗೂ ಹೆದರ್ತಾನೆ. ನನ್ನ ಹೊಟ್ಟೇಲಿ ಹೇಗೆ ಹುಟ್ಟಿದ್ನೋ!" ಹಾಗಾಗಿ ಎರಡು ವರ್ಷದ ಹಿಂದೆ ಹಿಂದಿನ ಸೀಟಿಗೆ ಸೊಸೆ ಬಂದರು. ನಲ್ಲಿ ನೀರು ಬಿಟ್ಟು ಬೇರೆ ನೀರು ಕಾಣದೆ ಬೆಳೆದವರು. ಈಜು ಬರುವುದಿಲ್ಲ, ಲೈಫ್ ಜಾಕೆಟ್ಟೇ ಗತಿ.

ಹಿಂದಿನ ಸೀಟಿನವರ ಕೆಲಸ ಕೇಳಿದರೆ ನಗು ಬರುತ್ತದೆ. ಮುಂದಿನವರು ಬಲಕ್ಕೆ ಬಾಗಿ ಬೋನು ಎಳೆಯುವಾಗ ಇವರು ಎಡಕ್ಕೆ ವಾಲಿ, ಎಡಕ್ಕೇ ನೋಡುತ್ತ ಕೂರಬೇಕು. ಬೋನಿನಲ್ಲಿ ಏನಿದೆ ಎಂದು ಕತ್ತು ತಿರುಗಿಸುವಂತಿಲ್ಲ. "ಕಣ್ಣು ಹೋದ ಕಡೆ ಮೈ ಹೋಗುತ್ತೆ. ಇಬ್ರೂ ಒಂದೇ ಕಡೆ ನೋಡಿದ್ರೆ ಮುಗೀತು" ಎಂದು ಏಡಿಯಮ್ಮ ವಿವರಿಸುತ್ತಾರೆ. ಮೊದಲ ವಾರವೇ ಬೋನಿನಲ್ಲಿ ಟಪಟಪ ಸದ್ದು ಕೇಳಿ ಸೊಸೆ ತಿರುಗಿದರು. ದೋಣಿ ಮಗುಚಿತು. ಏಡಿಗಳೆಲ್ಲ ತಮ್ಮ ತಮ್ಮ ಮನೆಗೆ, ಸೊಸೆ ಅರ್ಧ ನದಿ ಕುಡಿದು ಅತ್ತೆಯ ಕೈಗೆ. "ಜಡೆ ಹಿಡಿದೇ ಎಳೆದೆ. ದಡದಲ್ಲಿದ್ದೋರು ಅತ್ತೆ ಸೊಸೆ ಜಗಳ ಅಂದ್ಕೊಂಡು ನೋಡ್ತಾ ನಿಂತ್ಕೊಂಡ್ರು!" ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅನ್ನುತ್ತಾರೆ. ಆಮೇಲೆ ಈ ಎರಡು ಜಡೆಗಳು ಒಂದು ದಿನವೂ ತಪ್ಪಿಸದೆ ಒಂದೇ ದೋಣಿಯಲ್ಲಿ ಕೂತಿವೆ.

ಈಗ ಏಡಿಯಮ್ಮನ ಬಲ ಭುಜದ ಕೀಲು ಸವೆದಿದೆ. ಹುಟ್ಟು ಮೆಲ್ಲಗೆ ಹಾಕಬಹುದು, ಭಾರ ಎಳೆಯುವ ಹಾಗಿಲ್ಲ ಎಂದಿದ್ದಾರೆ ಡಾಕ್ಟರು. ಇದೇ ನೆಪ ಸಾಕೆಂದು ಮಗ ದೋಣಿಗೆ ಗಿರಾಕಿಯನ್ನೂ ಹುಡುಕಿದ್ದಾನೆ. ಸೊಸೆಗೆ ಬೋನು ಎಳೆಯಲು ಆಗದಿದ್ದರೆ ಈ ಭಾನುವಾರ ದೋಣಿ ಹೋಗುತ್ತದೆ. "ಮನೇಲಿ ಕೂತ್ರೆ ನಾನೇ ಬೋನಿಗೆ ಬಿದ್ದ ಹಾಗೆ" ಎನ್ನುವಾಗ ಏಡಿಯಮ್ಮ ನಗುವುದಿಲ್ಲ.

ಮೊದಲ ಡಬ್ಬ ಬಂತು. ಸೊಸೆ ಬಾಗಿ ಹಗ್ಗ ಹಿಡಿದು, ತುಟಿ ಕಚ್ಚಿ, ಕೈಮೇಲೆ ಕೈ ಹಾಕಿ ಎಳೆಯುತ್ತಾರೆ. ಕೆಸರು ಮೆತ್ತಿದ ಬೋನು ನೀರಿನಿಂದ ತಲೆಯೆತ್ತುತ್ತದೆ, ಒಳಗೆ ಟಪಟಪ ಸದ್ದು. ಅಷ್ಟೇ. ಮೂವತ್ತು ವರ್ಷ ಪ್ರತಿ ಬೋನನ್ನೂ ಮೊದಲು ನೋಡಿದ ಏಡಿಯಮ್ಮನ ಕತ್ತು ತಾನಾಗಿಯೇ ಬಲಕ್ಕೆ ತಿರುಗುತ್ತದೆ. ಕಯಾಕ್ ವಾಲುತ್ತದೆ, ಅಂಚಿನ ಮೇಲೆ ನೀರು ನುಗ್ಗುತ್ತದೆ.

"ಅತ್ತೆ! ಆ ಕಡೆ ನೋಡಿ!"

ಸೊಸೆ ಕೂಗಿದ್ದು ನದಿಗೆಲ್ಲ ಕೇಳಿಸುತ್ತದೆ. ಅತ್ತೆಯ ಮುಂದೆ ಅವರು ದನಿಯೇರಿಸಿದ್ದು ಇದೇ ಮೊದಲಂತೆ. ಏಡಿಯಮ್ಮ ಬೆಚ್ಚಿ ಎಡಕ್ಕೆ ತಿರುಗುತ್ತಾರೆ. ದೋಣಿ ನೆಟ್ಟಗಾಗುತ್ತದೆ, ಬೋನು ಒಳಗೆ ಬರುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನನ್ನ ಅಂಬಿಗರು ಗೊಣಗುತ್ತಾರೆ.

ಎರಡನೇ ಡಬ್ಬದ ಹತ್ತಿರ ಏಡಿಯಮ್ಮ ಹುಟ್ಟನ್ನು ಮಡಿಲಲ್ಲಿಟ್ಟು, ಎಡಕ್ಕೆ ವಾಲಿ, ಏನೂ ಇಲ್ಲದ ಬರಿ ನೀರನ್ನು ನೋಡುತ್ತ ಕೂರುತ್ತಾರೆ. ಬೆನ್ನ ಹಿಂದೆ ಟಪಟಪ ಸದ್ದು. ಕತ್ತಿನ ನರ ಬಿಗಿಯುವುದು ನನಗೆ ಇಲ್ಲಿಂದಲೇ ಕಾಣುತ್ತದೆ.

"ಎಷ್ಟಿದ್ಯೇ?"

"ಮೂರು, ಅತ್ತೆ. ಒಂದಂತೂ ತಟ್ಟೆಯಷ್ಟಿದೆ."

"ಸುಳ್ಳು ಹೇಳ್ಬೇಡ."

"ನಿಮ್ಮಾಣೆ ಅತ್ತೆ. ಆದ್ರೆ ಈಗ್ಲೇ ತಿರುಗ್ಬೇಡಿ."

ಏಡಿಯಮ್ಮ ತಿರುಗುವುದಿಲ್ಲ. ಹದಿನೆಂಟನೇ ಬೋನಿನವರೆಗೂ ತಿರುಗುವುದಿಲ್ಲ.

ದಡಕ್ಕೆ ಬಂದಾಗ ಸೊಸೆಯ ಅಂಗೈ ಕೆಂಪಗೆ ಸುಲಿದಿದೆ. ಏಡಿಯಮ್ಮ ಆ ಕೈ ಹಿಡಿದು ನೋಡಿ, ತಮ್ಮ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಸುತ್ತುತ್ತಾರೆ. ಸೊಸೆ ಇನ್ನೊಂದು ಕೈಯಲ್ಲಿ ಗಂಡನಿಗೆ ಫೋನ್ ಮಾಡಿ, ಗಿರಾಕಿಗೆ ಬರೋದು ಬೇಡ ಅಂತ ಹೇಳಿ ಎನ್ನುತ್ತಾರೆ.

ಇನ್ನು ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರುವುದು ಬೇಸರವಲ್ಲವೇ ಎಂದು ನಾನು ಕೇಳುತ್ತೇನೆ. ಏಡಿಯಮ್ಮ ನನ್ನನ್ನು ಪೆದ್ದನನ್ನು ನೋಡಿದಂತೆ ನೋಡುತ್ತಾರೆ.

"ಸುಮ್ನೆ ಎಲ್ಲಿ ಕೂತೆ, ಪೇಪರಿನವರೇ? ನಾನು ನೋಡ್ದೇ ಇದ್ರೇನೇ ಬೋನು ಮೇಲೆ ಬರೋದು."