ಜರ್ಮನ್ ತುಂಡು

ಫೌಜದಾರನ ಮೋಟರ್ ಸೈಕಲ್ಲಿಗೆ ಕಲ್ಲು ಒಗೆದವನು ನಾನೇ. ಅದನ್ನು ರಿಪೇರಿ ಮಾಡಿದವನೂ ನಾನೇ. ನಡುವೆ ಆರು ದಿನ. ನಾನು ಎಂಥ ಹೇಡಿ ಅನ್ನುವುದು ಆ ಆರು ದಿನದಲ್ಲಿ ನನಗೆ ಚೆನ್ನಾಗಿ ಗೊತ್ತಾಯಿತು.

ಆಗ ನಾವಿದ್ದದ್ದು ಮುಂಬಯಿ ರಾಜ್ಯದಲ್ಲಿ. ಕನ್ನಡ ಮಾತಾಡುವ ಊರುಗಳೆಲ್ಲ ಒಂದೇ ರಾಜ್ಯವಾಗಬೇಕು ಅಂತ ಬೆಟಗೇರಿಯಲ್ಲಿ ಮೆರವಣಿಗೆ ಹೊರಟಿತ್ತು. ಲಕ್ಷ್ಮೇಶ್ವರ, ಮುಂಡರಗಿ ಕಡೆಯಿಂದಲೂ ಜನ ಬಂದಿದ್ದರು. ಫೌಜದಾರ ತನ್ನ ಮಿಲಿಟರಿ ಮೋಟರ್ ಸೈಕಲ್ಲನ್ನು ಜನರ ನಡುವೆಯೇ ನುಗ್ಗಿಸಿದ, ಇಳಿಯದೆಯೇ ಲಾಠಿ ಬೀಸಿದ. ನನ್ನ ಮುಂದಿದ್ದ ಮುದುಕನ ತಲೆ ಒಡೆದು ರಕ್ತ ನನ್ನ ಅಂಗಿಗೆ ಸಿಡಿಯಿತು. ನನಗೆ ತಲೆ ಕೆಟ್ಟಿತು. ಪಕ್ಕದ ಓಣಿಯಲ್ಲಿ ನಮ್ಮಪ್ಪನ ಗೆಳೆಯನೊಬ್ಬ, ನಾನು ಕಾಕಾ ಅನ್ನುತ್ತಿದ್ದ ನೇಕಾರ, ನೂಲಿಗೆ ಗಂಜಿ ಹಚ್ಚಿ ಬೀದಿಯುದ್ದಕ್ಕೂ ಒಣಹಾಕಿ ಒಳಗೆ ಮಗ್ಗಕ್ಕೆ ಕೂತಿದ್ದ. ನೂಲಿನ ಹಗ್ಗ ಸಡಿಲಾಗದಂತೆ ಹೇರಿದ್ದ ಕಲ್ಲನ್ನು ಎತ್ತಿದವನೇ ಬೀಸಿ ಒಗೆದೆ. ಫಟ್ ಅಂತು! ಇಂಜಿನ್ನಿನ ಹೊಟ್ಟೆ ಒಡೆದು ಎಣ್ಣೆ ಸುರಿಯಿತು. ಒಂದು ತುಂಡು ಸಿಡಿದು ನನ್ನ ಕಾಲ ಹತ್ತಿರ ಬಂದು ಬಿತ್ತು. ಇನ್ನೂ ಬಿಸಿಯಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಅಬ್ಬಾ, ಆವತ್ತಿನ ನನ್ನ ಹೆಮ್ಮೆ ಏನು ಕೇಳ್ತೀರಿ!

ಕಲ್ಲಿಗೆ ಗಂಜಿ ಅಂಟಿತ್ತು. ಪೊಲೀಸರಿಗೆ ಅಷ್ಟೇ ಸಾಕಾಯಿತು. ಮರುದಿನ ಬೆಳಿಗ್ಗೆ ಕಾಕಾನನ್ನು ಮಗ್ಗದ ಕುಣಿಯಿಂದ ಕೂದಲು ಹಿಡಿದು ಎಳೆದು ಒಯ್ದರು.

ಮಧ್ಯಾಹ್ನ ಆ ಮೋಟರ್ ಸೈಕಲ್ ಚಕ್ಕಡಿ ಏರಿ ನನ್ನ ಶೆಡ್ಡಿಗೇ ಬಂತು. ನಾನು ಹತ್ತಿ ಜಿನ್ನಿನ ಯಂತ್ರ, ಆಯಿಲ್ ಇಂಜಿನ್ ರಿಪೇರಿ ಮಾಡುವವ. ಊರಲ್ಲಿ ಆ ಕೆಲಸಕ್ಕೆ ಇನ್ಯಾರಿದ್ದರು?

“ಏನಲೇ ಮಿಸ್ತ್ರಿ, ಆಗತೈತೇನು?” ಅಂದ ಫೌಜದಾರ.

ಒಡೆದದ್ದು ಜರ್ಮನ್. ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಕಬ್ಬಿಣದಂತೆ ಅದು ಕೆಂಪಗಾಗಿ ಸೂಚನೆ ಕೊಡುವುದಿಲ್ಲ. ಬೆಂಕಿ ತುಸು ಹೆಚ್ಚಾದರೆ ಒಮ್ಮೆಲೇ ಕುಸಿದುಬಿಡುತ್ತದೆ. ಅದನ್ನು ಬೆಸೆಯುವವರು ಆಗ ನಮ್ಮಲ್ಲಿ ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಇರಬೇಕಿತ್ತು ನಾನು. ಆದರೆ ಕಸುಬಿನ ಸೊಕ್ಕು ನೋಡಿ, ಹೇಳಿಯೇಬಿಟ್ಟೆ: “ಒಡದ ತುಂಡು ಇದ್ದರ ಛಲೋ ಆಗತೈತ್ರಿ ಸಾಹೇಬ್ರ. ಪಟ್ಟಿ ಹಚ್ಚಿ, ಸ್ಕ್ರೂ ಬಿಗದು ಇವತ್ತ ಕೂಡಿಸಿ ಕೊಡತೀನಿ. ಹೊಸಾದು ಎರಕಾ ಹೊಯ್ಯೂದಂದ್ರ ದಿನಾ ಹಿಡಿತಾವು.”

“ಕಲ್ಲು ಒಗದಾಂವನ ತುಂಡು ಒಯ್ದಾನ. ಅದು ಆ ನೇಕಾರನ ಕಡೆ ಐತಿ,” ಅಂದ ಅವನು. “ದಿನಕ್ಕೊಂದು ಬಟ್ಟ ಮುರದ್ರ ತಾನ ಬಾಯಿ ಬಿಡತಾನ.”

ತುಂಡು ಅವನ ಬೂಟಿನಿಂದ ಮೂರು ಅಡಿ ದೂರದಲ್ಲಿ, ನನ್ನ ನಟ್ಟು-ಬೋಲ್ಟಿನ ಡಬ್ಬಿಯಲ್ಲಿತ್ತು. ಬೀದಿಯಲ್ಲಿ ಸಿಕ್ಕಿತು ಅಂತ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ನನಗೂ ಹೊಳೆದಿತ್ತು. ಆದರೆ ಹೇಳಿದರೆ ಆಮೇಲೆ ಮುರಿಯುವುದು ನನ್ನ ಬೆರಳು ಅನ್ನುವುದೊಂದೇ ತಲೆಯಲ್ಲಿ ಕೂತಿತ್ತು.

ಹೊಸ ತುಂಡನ್ನು ಜಲ್ದಿ ಎರಕ ಹೊಯ್ದುಬಿಟ್ಟರೆ ಹಳೆಯದನ್ನು ಯಾರೂ ಕೇಳುವುದಿಲ್ಲ, ಕಾಕಾ ಉಳಿಯುತ್ತಾನೆ ಅಂದುಕೊಂಡು ಮನೆಗೆ ಓಡಿದೆ. ಅವ್ವನ ಜರ್ಮನ್ ಬೋಗುಣಿಯಲ್ಲಿ ಜೋಳದ ನುಚ್ಚು ಇತ್ತು. ನುಚ್ಚನ್ನು ನೆಲಕ್ಕೆ ಸುರುವಿ, ಅಂಗಳದಲ್ಲಿ ಬೋಗುಣಿಗೆ ಸುತ್ತಿಗೆಯಿಂದ ಬಡಿಯತೊಡಗಿದೆ.

“ಲೇ, ಹುಚ್ಚು ಹಿಡದೈತೇನ ನಿನಗ? ನುಚ್ಚು ಚೆಲ್ಲೀದೆಲ್ಲೋ ನಿನ್ನ ಕೈಗಿಷ್ಟು ಬೆಂಕಿ ಹಾಕ!” ಅಂತ ಅವ್ವ ಎದೆ ಬಡಿದುಕೊಂಡಳು. ಬೋಗುಣಿ ಚಪ್ಪಟೆಯಾಗುವವರೆಗೆ ನಾನು ನಿಲ್ಲಲಿಲ್ಲ.

ಅಚ್ಚಿಗೆ ಅದೇ ಅಳತೆ ಬೇಕಲ್ಲ? ಬಚ್ಚಿಟ್ಟ ತುಂಡನ್ನೇ ಉಸುಕಿನಲ್ಲಿ ಒತ್ತಿ ಅಚ್ಚು ತೆಗೆದೆ. ಅವಸರಕ್ಕೆ ಅಚ್ಚು ಒಣಗಲು ಬಿಡಲಿಲ್ಲ. ಕರಗಿದ ಜರ್ಮನ್ ಹಸಿ ಉಸುಕಿಗೆ ತಾಗಿದ್ದೇ ತಡ, ಢಬ್ ಅಂತ ಸಿಡಿಯಿತು. ಮೊಣಕೈವರೆಗೆ ಚರ್ಮ ಸುಲಿದು ಹೋಯಿತು. ನನಗೆ ಅಷ್ಟಾದರೂ ಆಗಲಿ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಎರಡನೆಯ ಅಚ್ಚು ಒಣಗುತ್ತಿದ್ದಾಗ ಇದ್ದಿಲು ತರಲು ಹೋದೆ. ದಾರಿ ಠಾಣೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಇತ್ತು. ಒಳಗಿಂದ “ತುಂಡ ಎಲ್ಲಿ ಇಟ್ಟೀಯಲೇ?” ಅನ್ನುವುದು ಕೇಳಿತು. ಆಮೇಲೆ ಕಾಕಾನ ದನಿ: “ಯಾವ ತುಂಡ್ರಿ ಯಪ್ಪಾ?” ಆಮೇಲೆ ಅವನು ಚೀರಿದ. ಹಾಡುಹಗಲು, ಬೀದಿಯಲ್ಲಿ ಕಾಯಿಪಲ್ಲೆ ಮಾರುವವರು ಕೂಗುತ್ತಿದ್ದರು. ನಾನು ಇದ್ದಿಲ ಚೀಲ ಹೊತ್ತು ನಡೆದುಬಿಟ್ಟೆ.

ಮೂರನೆಯ ಎರಕ ಕೂಡಿತು. ಅರ ಹಾಕಿ ಉಜ್ಜಿ, ಸುತ್ತ ತೂತು ಕೊರೆದು, ಎಣ್ಣೆ ಸೋರದಂತೆ ಸಂದಿಗೆ ಸಫೇದಾ ಮೆತ್ತಿ ಸ್ಕ್ರೂ ಬಿಗಿದೆ. ಆರನೆಯ ದಿನ ಫೌಜದಾರ ಬಂದು ಕಿಕ್ ಹೊಡೆದ. ಇಂಜಿನ್ ಹಿಡಿಯಿತು, ಒಂದು ಹನಿ ಎಣ್ಣೆ ಸೋರಲಿಲ್ಲ. “ಶಾಬಾಸ್ ಲೇ!” ಅಂತ ನನ್ನ ಬೆನ್ನು ತಟ್ಟಿದ. ಅದೇ ಬೆನ್ನಿಗೆ ಲಾಠಿ ಬಿದ್ದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಆವತ್ತೇ ಸಂಜೆ ಕಾಕಾನನ್ನು ಬಿಟ್ಟರು. ಬಲಗೈಯ ನಾಲ್ಕು ಬೆರಳು ಮುರಿದಿದ್ದವು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ನಾನು ಹೋಗಿ ಡಬ್ಬಿಯಿಂದ ತುಂಡು ತೆಗೆದು ಅವನ ಮುಂದಿಟ್ಟೆ. “ಕಲ್ಲು ಒಗದಾಂವ ನಾನ ಕಾಕಾ. ತುಂಡು ನನ್ನ ಕಡೇನ ಇತ್ತು. ಹೊಡಿ ನನಗ,” ಅಂದೆ. ಅವನು ಹೊಡೆಯಲಿ ಅಂತ ಕೆನ್ನೆ ಮುಂದೆ ಮಾಡಿ ಕೂತೆ.

ಅವನು ಎಡಗೈಯಿಂದ ತುಂಡನ್ನು ಎತ್ತಿ, ಅರಿಶಿನ ಬಟ್ಟೆ ಸುತ್ತಿದ ಬಲಗೈ ಮೇಲೆ ಇಟ್ಟುಕೊಂಡ. ಅದು ಅರ್ಧ ಅಂಗೈಯನ್ನೂ ಮುಚ್ಚಲಿಲ್ಲ. ಮಗುಚಿ ಮಗುಚಿ ನೋಡಿದ.

“ಇಷ್ಟ ಸಣ್ಣದೇನಲೇ ತಮ್ಮಾ ಇದು?” ಅಂದ. “ಅವರು ಕೇಳೂದ ನೋಡಿ, ನಾ ಭಾಳ ದೊಡ್ಡದಿರಬೇಕು ಅಂತ ತಿಳದಿದ್ದೆ.”