ರಾಣಿಯ ಬೀಸಣಿಗೆ

ಕಟಪಾಡಿಯ ಇಗರ್ಜಿಯಲ್ಲಿ ಪ್ರತಿ ಕ್ರಿಸ್ಮಸ್ಸಿಗೂ ಇಂಗ್ಲೆಂಡಿನ ಅರಮನೆಯ ಅದೇ ನಾಟಕ. ರಾಣಿಯ ಪಾತ್ರ ವರ್ಷಕ್ಕೊಬ್ಬರದು. ಆದರೆ ಹನ್ನೊಂದು ವರ್ಷದಿಂದ ರಾಣಿಯ ಸಖಿ ಲೇಡಿ ಮಾರ್ಗರೆಟ್ ಆಗುವವಳು ಟೈಲರ್ ಜೆಸಿಂತಾಬಾಯಿಯೇ. ನಾಟಕದಲ್ಲಿ ಈ ಲೇಡಿ ದೊಡ್ಡ ಮನೆತನದ ಹೆಣ್ಣು, ಕೆಲಸ ಮಾತ್ರ ಸಿಂಹಾಸನದ ಪಕ್ಕ ನಿಂತು ಬೀಸಣಿಗೆ ಬೀಸುವುದು. ರಿಹರ್ಸಲಿನಲ್ಲಿ ಪೋಷಾಕು ಹೊಲಿಯುತ್ತ ಕೂರುವ ಅವಳಿಗೆ ಎಲ್ಲರ ಮಾತೂ ಬಾಯಿಪಾಠ.

"ಈ ಸಲ ನೀವೇ ರಾಣಿಯಾಗಿ, ಜೆಸಿಂತಾಬಾಯಿ, ಎಷ್ಟು ವರ್ಷ ನಿಲ್ಲುವುದು?" ಎಂದರು ನಾಟಕ ಕಲಿಸುವ ಆಂಟನಿ ಮಾಸ್ಟ್ರು.

ಜೆಸಿಂತಾಬಾಯಿ ಹಲ್ಲಿನಲ್ಲಿ ನೂಲು ಕಡಿದು ನಕ್ಕಳು.

"ಎಂತ ಮಾಸ್ಟ್ರೇ ನೀವು! ಪ್ರತಿ ವರ್ಷವೂ ರಾಣಿ ಮಾತು ಮರೆಯುತ್ತಾಳೆ. ಬೀಸಣಿಗೆ ಅಡ್ಡ ಹಿಡಿದು ನಾನೇ ಕಿವಿಯಲ್ಲಿ ಹೇಳಿಕೊಡುವುದು. ನಾನು ರಾಣಿಯಾದರೆ ಬೀಸಣಿಗೆ ಯಾರ ಕೈಗೆ ಕೊಡುತ್ತೀರಿ?"